ದೋಟಿ ಕೊಟ್ಟು ಕೊಸರು ತಂದದ್ದು

ಡ್ರಿಲ್ ಮೇಷ್ಟ್ರಾದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೀಟಿ ಊದಿದರೆ ಸಾಕು, ಅದೇ ಓಡಿ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ನನಗೆ ಕುತೂಹಲದ ಕಾಯಿಲೆ ಬೇರೆ. ಯಾರಾದರೂ ಹೊಸದೇನಾದರೂ ಹೇಳಿದರೆ “ಹೌದಾ? ಮಾಡಿದ್ರೆ ಏನಾಗುತ್ತೆ?” ಅನ್ನುವ ಮಾತು ನನ್ನ ಬಾಯಿಂದ ತಾನಾಗಿ ಬಂದುಬಿಡುತ್ತದೆ. “ಏನಾಗುತ್ತೆ ಅಂತ ನೋಡಕ್ಕೆ ಹೋಗಿ ಇಲ್ಲೀವರ್ಗೂ ಆಗಿದ್ದು ಸಾಲ್ದಾ?” ಎಂದು ನನ್ನ ಹೆಂಡತಿ ಕೇಳುತ್ತಾಳೆ. ಸಾಲದು ಅಂತ ಅನಿಸಿದ್ದರಿಂದಲೇ ಈ ಬಾಸ್ಕೆಟ್‌ಬಾಲ್ ವ್ಯಾಪಾರಕ್ಕೆ ನಾನು ಕೈಹಾಕಿದ್ದು.

ಕೋರ್ಟೋ ಕಣವೋ

ತಿಪಟೂರಿಗೆ ಕೇಬಲ್ ಟಿವಿ ಹೊಸದಾಗಿ ಬಂದಿದ್ದ ಕಾಲ. ಹಗಲು ನಾನು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಸಂಜೆಯಾದರೆ ಊರಿನ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಕೋಚು. ಕ್ಲಬ್ಬಿನ ಅಧ್ಯಕ್ಷರು ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಯಜಮಾನರು. ಕೋರ್ಟಿನ ಜಾಗ ಅವರದು, ಅದಕ್ಕೆ ಹಾಕಿಸಿದ ಸಿಮೆಂಟೂ ಅವರದು. ಆಟದಲ್ಲಿ ಅವರಿಗೆ ಆಸಕ್ತಿಯೇನೂ ಇರಲಿಲ್ಲ. ಯಾವ ಗಳಿಗೆಯಲ್ಲಿ ಹೂಂ ಅಂದರೋ ಅವರಿಗೇ ಗೊತ್ತಿರಲಿಲ್ಲ.

ಆ ಬೀದಿಯಲ್ಲಿ ಅಷ್ಟು ನುಣುಪಾದ, ಅಷ್ಟು ಬಿಸಿಲು ಬೀಳುವ ನೆಲ ಇನ್ನೊಂದಿರಲಿಲ್ಲ. ಹಾಗಾಗಿ ನಾವು ಸಂಜೆ ಚೆಂಡು ಹಿಡಿದುಕೊಂಡು ಹೋದರೆ ಒಂದು ದಿನ ರಾಗಿ, ಒಂದು ದಿನ ಅವರೆಕಾಳು, ಇನ್ನೊಂದು ದಿನ ಯಾರದೋ ಮನೆಯ ಸಂಡಿಗೆ ನಮಗಿಂತ ಮೊದಲೇ ಬಂದು ಮಲಗಿರುತ್ತಿತ್ತು. ಎದುರುಮನೆಯ ಅಜ್ಜಿಯಂತೂ ಅರ್ಧ ಕೋರ್ಟಿಗೆ ಹುರುಳಿ ಹರವಿ, ಅಂಚಿನಲ್ಲಿ ಕೋಲು ಹಿಡಿದು ಕೂತುಬಿಡುತ್ತಿದ್ದರು.

“ಅಜ್ಜೀ, ಆಟ ಆಡ್ಬೇಕಲ್ಲ.”

“ಆಡ್ರಪ್ಪ, ಯಾರ್ ಬ್ಯಾಡ ಅಂದ್ರು? ಆ ಕಡೆ ಅರ್ಧ ಖಾಲಿ ಐತಲ್ಲ.”

ಆಡಿದೆವು. ಚೆಂಡು ಹುರುಳಿಯ ಕಡೆ ಉರುಳಿದರೆ ಅಜ್ಜಿ ಕೋಲೆತ್ತಿ ಕೂಗುತ್ತಿದ್ದರು. ಒಂದು ವಾರದಲ್ಲಿ ಆ ಕೂಗು “ಔಟು!” ಎಂದಾಯಿತು. ಹುರುಳಿ ಒಣಗಿ, ಮೊರದಲ್ಲಿ ಕೇರಿಸಿಕೊಂಡು, ಮನೆಗೆ ಹೋದ ಮೇಲೂ ಅಜ್ಜಿ ಕೋಲು ಹಿಡಿದು ಬಂದು ಅಲ್ಲೇ ಕೂರುತ್ತಿದ್ದರು. ಗೆರೆಯ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಲೈನ್ ಅಂಪೈರನ್ನು ನಾನು ಬೇರೆಲ್ಲೂ ನೋಡಿಲ್ಲ.

ಇದೆಲ್ಲ ನೋಡುತ್ತಿದ್ದ ಯಜಮಾನರು ಒಂದು ದಿನ ನನ್ನನ್ನು ಮಂಡಿಗೆ ಕರೆಸಿದರು. “ಮೇಷ್ಟ್ರೇ, ಪ್ರತಿ ದಸರಾದಾಗೂ ಆ ತುರುವೇಕೆರೆಯೋರು ಬಂದು ನಮ್ಮೂರಲ್ಲೇ ನಮ್ಮನ್ನ ಸೋಲಿಸ್ಕಂಡು ಹೋಯ್ತಾರೆ. ನಂಗೆ ಮಂಡೀಲಿ ತಲೆ ಎತ್ತಕ್ಕಾಗ್ತಿಲ್ಲ. ಎರಡು ವರ್ಷ ಕೊಡ್ತೀನಿ. ಅಷ್ಟ್ರಲ್ಲಿ ಅವರನ್ನ ಒಂದ್ಸಲ ಸೋಲಿಸಿ. ಆಗಲ್ಲ ಅಂದ್ರೆ ಆ ಕಂಬ ಎರಡೂ ಕಿತ್ತು ಕೊಬ್ಬರಿ ಹರವ್ತೀನಿ.”

ನನಗೆ ನಿಜವಾಗಿ ಭಯವಾಯಿತು. ಆ ಕೋರ್ಟು ಹೋದರೆ ಸಂಜೆಯ ಹೊತ್ತು ನಾನು ಯಾರು ಅನ್ನುವುದು ನನಗೇ ಗೊತ್ತಿರಲಿಲ್ಲ. ಅಜ್ಜಿಗೆ ವಿಷಯ ಹೇಳಿದೆ. ಅವರೂ ಬೇಜಾರು ಮಾಡಿಕೊಂಡರು. ಆಮೇಲೆ ಸ್ವಲ್ಪ ಯೋಚಿಸಿ, “ಕೊಬ್ಬರಿ ಎಷ್ಟು ಜಾಗ ತಿನ್ನುತ್ತೆ? ನನ್ ಹುರುಳಿಗೆ ಒಂದ್ ಮೂಲೆ ಬುಡ್ತಾರಾ ಕೇಳು” ಅಂದರು.

ಟಿವಿಯಿಂದ ಬಂದ ಬುದ್ಧಿ

ನಮ್ಮ ತಂಡದಲ್ಲಿ ಆಟ ಬರುತ್ತಿದ್ದವನು ಒಬ್ಬನೇ. ಬಿಳಿಗೆರೆಯ ತೋಟದ ಮನೆಯ ಹುಡುಗ, ಆರಡಿಯ ಮೇಲೆ ಇನ್ನೂ ಸಾಕಷ್ಟು ಉಳಿಯುವಷ್ಟು ಎತ್ತರ. ತೆಂಗಿನಕಾಯಿ ಕೀಳುವ ಉದ್ದನೆಯ ಗಳಕ್ಕೆ ನಮ್ಮ ಕಡೆ ದೋಟಿ ಅನ್ನುತ್ತಾರೆ. ಇವನಿಗೂ ಅದೇ ಹೆಸರು ನಿಂತಿತ್ತು. ತಾಯಿ ಕೂಡ ಹಾಗೇ ಕರೆಯುತ್ತಿದ್ದರು. ದೋಟಿಯಿಂದಲೇ ನಾವು ಸೋಲುತ್ತಿದ್ದೆವು ಅಂದರೆ ನಂಬುವುದು ಕಷ್ಟ. ಅವನ ಕೈಗೆ ಚೆಂಡು ಹೋದ ಕೂಡಲೇ ಉಳಿದ ನಾಲ್ವರು ಕೆಲಸ ಮುಗಿಯಿತು ಅಂತ ಸೊಂಟದ ಮೇಲೆ ಕೈ ಇಟ್ಟುಕೊಂಡು ಅವನನ್ನೇ ನೋಡುತ್ತ ನಿಲ್ಲುತ್ತಿದ್ದರು. ದುಡ್ಡು ಕೊಟ್ಟು ಬಂದ ಪ್ರೇಕ್ಷಕರೂ ಅಷ್ಟು ತನ್ಮಯರಾಗಿ ನೋಡುತ್ತಿರಲಿಲ್ಲ.

ತಂಡದಲ್ಲಿ ಒಬ್ಬ ಬ್ಯಾಂಕಿನ ಕ್ಯಾಷಿಯರ್ ಇದ್ದ. ಬೆಳಗಿನ ಜಾವ ಎದ್ದು ಕೇಬಲ್‌ನಲ್ಲಿ ಅಮೆರಿಕದ ಪಂದ್ಯ ನೋಡುವ ಚಟ ಅವನಿಗೆ. ಯಜಮಾನರ ಮಂಡಿಯಲ್ಲಿ ನಾವು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಅವನು ಹೇಳಿದ: “ಸಾರ್, ಅಲ್ಲಿ ಹಿಂಗಾದ್ರೆ ದೊಡ್ಡ ಆಟಗಾರನ್ನ ಎದುರಾಳಿ ಟೀಮಿಗೇ ಕೊಟ್ಬಿಡ್ತಾರೆ. ಬದಲಿಗೆ ಆಟಗಾರರನ್ನ ಕೇಳಲ್ಲ. ಮುಂದಿನ ವರ್ಷಗಳಲ್ಲಿ ಅವರಿಗೆ ಸಿಗೋ ಹೊಸ ಹುಡುಗರನ್ನ ಮೊದಲು ಆರಿಸೋ ಹಕ್ಕು ಕೇಳ್ತಾರೆ.”

“ಅಂದ್ರೆ ಇನ್ನೂ ಬರದೇ ಇರೋ ಹುಡುಗರನ್ನ?”

“ಹೂಂ ಸಾರ್. ಯಾರು ಅಂತಾನೇ ಗೊತ್ತಿರಲ್ಲ.”

ಎಂಥ ವಿಚಿತ್ರ ಅನಿಸಿತು ನನಗೆ. ಅಷ್ಟು ಮುಂದುವರಿದ ದೇಶ, ಕಣ್ಣಿಗೆ ಕಾಣುವ ಆಳನ್ನು ಕೊಟ್ಟು ಕಾಣದ್ದನ್ನು ಕೊಳ್ಳುತ್ತದಲ್ಲ! ಮಂಡಿಯ ಗುಮಾಸ್ತರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ತೂಕಡಿಸುತ್ತಿದ್ದವರು ಎದ್ದು ನೆಟ್ಟಗೆ ಕೂತರು.

“ಇದ್ರಲ್ಲಿ ನಗೋದೇನೈತ್ರಯ್ಯ? ಮರದ ಮ್ಯಾಲಿನ ಫಸಲು ನಾವು ಮುಂಚೇನೆ ಗುತ್ತಿಗೆ ಹಿಡಿಯಲ್ವಾ? ಹೊಂಬಾಳೆ ಒಡೆಯೋಕೆ ಮುಂಚೆ ಮಾತಾಡ್ಕಂಡಿರ್ತೀವಿ. ಕಾಯಿ ಆದ ಮ್ಯಾಲೆ ಅಟ್ಟದಾಗೆ ವರ್ಷ ಇಡ್ತೀವಿ. ಒಳಗೆ ಏನಾಗೈತೆ ಅಂತ ಒಡೆದು ನೋಡಕ್ಕಾಯ್ತದಾ? ನಂಬ್ಕಂಡು ಕಾಯಬೇಕು.” ಆಮೇಲೆ ಕ್ಯಾಷಿಯರ್ ಕಡೆ ತಿರುಗಿ ಬಹಳ ಗೌರವದಿಂದ ಕೇಳಿದರು: “ಅಲ್ಲಪ್ಪ, ಆ ಅಮೆರಿಕದೋರು ತಿಪಟೂರಿಗೆ ಯಾವಾಗ ಬಂದಿದ್ರು?”

ಕಿಬ್ಬನಹಳ್ಳಿ ಹೋಟೆಲಿನಲ್ಲಿ

ತುರುವೇಕೆರೆ ತಂಡದ ಕೋಚು ಅಲ್ಲಿಯ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ನಾನೂ ಅವನೂ ಟ್ರೇನಿಂಗ್ ಕಾಲೇಜಿನಲ್ಲಿ ಒಂದೇ ರೂಮಿನಲ್ಲಿದ್ದವರು. ಈಗ ಅವನಿಗೆ ಹೊಟ್ಟೆ ಬಂದಿತ್ತು, ನನಗೆ ಕೂದಲು ಹೋಗಿತ್ತು. ಅವನ ಊರಿಗೆ ನಾವು ಹೋದರೆ ನಾವು ಸಣ್ಣವರಾಗುತ್ತೇವೆ, ನಮ್ಮೂರಿಗೆ ಅವರು ಬಂದರೆ ಅವರು ಸಣ್ಣವರಾಗುತ್ತಾರೆ. ಅದಕ್ಕೆ ಎಲ್ಲ ಕಡೆಯ ಬಸ್ಸೂ ನಿಲ್ಲುವ ಕಿಬ್ಬನಹಳ್ಳಿ ಕ್ರಾಸಿನ ಒಂದು ಹೋಟೆಲನ್ನು ಗೊತ್ತುಮಾಡಿದೆವು. ನಾನು, ಯಜಮಾನರು, ದೋಟಿ ಒಂದು ಕಡೆ. ಅವನೊಬ್ಬನೇ ಆ ಕಡೆ.

ದೋಟಿಯನ್ನು ಕಂಡದ್ದೇ ಅವನ ಕಣ್ಣು ಅರಳಿತು. ನಾನು ವಿಷಯ ಹೇಳಿದೆ: ದೋಟಿ ನಿಮಗೆ. ಬದಲಿಗೆ ಎರಡು ವರ್ಷ, ನಿಮ್ಮ ಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಬರುವ ಹುಡುಗರಲ್ಲಿ ವರ್ಷಕ್ಕೊಬ್ಬನನ್ನು ಮೊದಲು ನಾವು ಆರಿಸಿಕೊಳ್ಳುತ್ತೇವೆ. ಓದುವುದು ನಿಮ್ಮಲ್ಲಿ, ಭಾನುವಾರ ಬಂದು ಆಡುವುದು ನಮ್ಮಲ್ಲಿ.

“ನಿಂಗೇನ್ಲಾ ತಲೆ ಕೆಟ್ಟೈತಾ?” ಎಂದು ಅವನು ಖುಷಿಯಿಂದಲೇ ಕೇಳಿದ.

ಯಜಮಾನರು ಟೇಬಲ್ ಮೇಲೆ ಟವೆಲ್ ಹಾಸಿದರು. ದನದ ವ್ಯಾಪಾರದಲ್ಲಿ ಮಾಡುವ ಹಾಗೆ ಅವನ ಕೈಯನ್ನು ಅದರ ಕೆಳಗೆ ಎಳೆದುಕೊಂಡು ಎರಡು ಬೆರಳು ಹಿಡಿದರು. “ಇದು ಎರಡು ಹುಡುಗ್ರು.” ಆಮೇಲೆ ಕಿರುಬೆರಳು ಹಿಡಿದು ಅಲ್ಲಾಡಿಸಿದರು. “ಇದು ಕೊಸರು.”

“ಕೊಸರಾ?”

“ಅಲ್ಲ ಮೇಷ್ಟ್ರೇ, ಸೊಪ್ಪು ಕೊಂಡ್ರೆ ಮೇಲೊಂದು ಹಿಡಿ ಹಾಕಲ್ವಾ? ಕಾಯಿ ಕೊಂಡ್ರೆ ಮೇಲೆ ಎರಡು ಎಸೆಯಲ್ವಾ? ಇಷ್ಟು ಉದ್ದದ ಆಳು ಕೊಡ್ತಾ ಇದೀವಿ. ಕೊಸರಿಲ್ದೆ ನಾನು ಜಲ್ಮದಾಗೆ ವ್ಯಾಪಾರ ಮುಗಿಸಿಲ್ಲ.”

ಅವನಿಗೆ ದೋಟಿ ಸಿಕ್ಕಿದ ಸಂತೋಷ. “ಆಯ್ತು ಬುಡಿ ಯಜಮಾನ್ರೇ. ನಮ್ಮ ಕಡೆಯಿಂದ ಇನ್ನೊಬ್ಬ. ಯಾವಾಗ ಬೇಕೋ ಆವಾಗ, ಯಾರನ್ನ ಬೇಕೋ ಅವರನ್ನ ತಗೊಳ್ಳಿ” ಅಂದುಬಿಟ್ಟ. ಯಜಮಾನರು ಟವೆಲ್ ಮಡಚಿ ಹೆಗಲ ಮೇಲೆ ಹಾಕಿಕೊಂಡರು.

ಟವೆಲ್ ನೋಡಿ ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ಸೇರಿದ್ದರು. ರುಮಾಲು ಸುತ್ತಿದ ಒಬ್ಬರು ಹೊರಗೆಲ್ಲ ಕಣ್ಣಾಡಿಸಿ, ಹೋರಿ ಎಲ್ಲೂ ಕಾಣದೆ ಯಜಮಾನರನ್ನು ಕೇಳಿದರು: “ಮಾಲು ಎಲ್ಲೈತೆ?” ಯಜಮಾನರು ದೋಟಿಯ ಕಡೆ ಕೈ ತೋರಿಸಿದರು. ಆತ ಅವನನ್ನು ಮೇಲಿಂದ ಕೆಳಗೆ ನೋಡಿ, ಒಂದು ಸುತ್ತು ಬಂದು, ತಲೆದೂಗಿ, “ಹಲ್ಲು ನೋಡಿದ್ರಾ?” ಅಂದರು.

ದೋಟಿ ಬೋಂಡಾ ಅರ್ಧಕ್ಕೆ ಬಿಟ್ಟು ಬಾಯಿ ಮುಚ್ಚಿದವನು ಬಿಳಿಗೆರೆಯಲ್ಲಿ ಇಳಿಯುವ ತನಕ ತೆರೆಯಲಿಲ್ಲ.

ಅವ್ವ ಬಂದರು

ಮಾರನೆಯ ದಿನವೇ ದೋಟಿಯ ತಾಯಿ ನಮ್ಮ ಸ್ಕೂಲಿಗೆ ಬಂದರು. ಮಕ್ಕಳೆಲ್ಲ ಸಾಲಾಗಿ ನಿಂತು ಕೈಕಾಲು ಆಡಿಸುತ್ತಿದ್ದರು. ಅವರ ನಡುವೆಯೇ ಹಾದು ನೇರ ನನ್ನ ಮುಂದೆ ಬಂದು ನಿಂತರು.

“ಏನ್ ಮೇಷ್ಟ್ರೇ, ನನ್ ಮಗನ್ನ ಯಾರಿಗೋ ಕೊಟ್ಬುಟ್ರಂತೆ?”

“ಕೊಟ್ಟಿದ್ದಲ್ಲ ಕಣವ್ವ, ಬದಲು ಮಾಡ್ಕೊಂಡಿದ್ದು.”

“ಬದಲಿಗೆ ಬಂದೋನು ಎಲ್ಲವ್ನೆ? ತೋರ್ಸಿ.”

“ಇನ್ನೂ ಬಂದಿಲ್ಲ. ಬರೋ ವರ್ಷ ಬತ್ತಾನೆ.”

“ಯಾರ ಮಗ?”

“ಗೊತ್ತಿಲ್ಲ.”

“ಹೆಸರು?”

“ಅದೂ ಗೊತ್ತಿಲ್ಲ.”

ಅವರು ನನ್ನನ್ನೇ ನೋಡಿದರು. “ಹುಟ್ಟವ್ನಾ?”

“ಹುಟ್ಟವ್ನೆ ಕಣವ್ವ, ಅಷ್ಟಂತೂ ದಿಟ.”

ಅವರ ಸಂಕಟ ಆಟದ್ದಲ್ಲ. ಮಗನಿಗೆ ಹೆಣ್ಣು ನೋಡುತ್ತಿದ್ದರು. ಅವರೇ ಬಿಡಿಸಿ ಹೇಳಿದರು: “ಸ್ವಂತ ಊರೋರೇ ಬ್ಯಾಡ ಅಂತ ದಾಟಿಸಿಬಿಟ್ರು ಅಂತ ಸುದ್ದಿಯಾದ್ರೆ ಇವನಿಗೆ ಯಾರು ಮೇಷ್ಟ್ರೇ ಹೆಣ್ಣು ಕೊಡ್ತಾರೆ?”

ನನಗೆ ಪಾಪ ಅನಿಸಿತು. ಬೇಡ ಅಂತ ಕೊಟ್ಟಿದ್ದಲ್ಲ, ಅವನೊಬ್ಬನಿಗೆ ತುರುವೇಕೆರೆಯವರು ಇಬ್ಬರನ್ನು ಕೊಡಬೇಕು, ಅದರ ಮೇಲೆ ಕೊಸರು ಬೇರೆ ಎಂದು ವಿವರಿಸಿದೆ. ಅವರ ಮುಖ ನಿಧಾನವಾಗಿ ಬದಲಾಯಿತು. ಸೆರಗು ಸರಿಮಾಡಿಕೊಂಡರು.

“ಒಬ್ಬನಿಗೆ ಇಬ್ಬರಾ?”

“ಮೇಲೆ ಕೊಸರು.”

ಮರುದಿನದಿಂದ ಬಿಳಿಗೆರೆಯಲ್ಲಿ ಬೇರೆ ಮಾತೇ ಇಲ್ಲ. ಹೆಣ್ಣಿನ ಕಡೆಯವರು ಬಂದು ಹುಡುಗನಿಗೆ ಎಷ್ಟು ತೋಟ ಇದೆ ಎಂದು ಕೇಳಿದರೆ ಅವ್ವ ಆ ಮಾತನ್ನು ಪಕ್ಕಕ್ಕಿಟ್ಟು, “ತೋಟ ಬುಡಿ. ನನ್ ಮಗ ಇಬ್ಬರು ಆಳಿಗೆ ಹೋಗವ್ನೆ, ಮ್ಯಾಲೆ ಕೊಸರು. ನಿಮ್ ಕಡೆ ಅಂಥಾ ಗಂಡು ಐತಾ?” ಎಂದು ಕೇಳುತ್ತಿದ್ದರಂತೆ. ಬಂದವರು ಅರ್ಥವಾಗದೆ ಕಾಫಿ ಕುಡಿದು ಎದ್ದು ಹೋಗುತ್ತಿದ್ದರಂತೆ.

ಸಂಪಿಗೆಯ ಚಪ್ಪಲಿ

ಇತ್ತ ನನಗೆ ಆ ಬರುವ ಹುಡುಗ ಹೇಗಿರಬಹುದು ಅನ್ನುವುದೇ ಚಿಂತೆ. ಜೂನ್ ತಿಂಗಳ ತನಕ ಕಾಯಲು ಆಗಲಿಲ್ಲ. ತುರುವೇಕೆರೆಯ ಸ್ಕೂಲಿಗೆ ಹೋಗಿ ಇಣುಕಿದರೆ ಅವನು ಹಿಡಿದುಬಿಡುತ್ತಾನೆ. ಆಗ ಒಂದು ಉಪಾಯ ಹೊಳೆಯಿತು. ಕಾಲು ದೊಡ್ಡದಿದ್ದ ಹುಡುಗ ಮುಂದೆ ಎತ್ತರ ಬೆಳೆಯುತ್ತಾನೆ ಎಂದು ಟ್ರೇನಿಂಗಿನಲ್ಲಿ ಯಾರೋ ಹೇಳಿದ್ದರು. ಆ ಕಡೆಯ ಹುಡುಗರ ಕಾಲಳತೆ ಒಟ್ಟಿಗೆ ಎಲ್ಲಿ ಸಿಗುತ್ತದೆ? ತುರುವೇಕೆರೆಯ ಹತ್ತಿರದ ಸಂಪಿಗೆ ಅನ್ನುವ ಊರಿನಲ್ಲಿ, ಶ್ರೀನಿವಾಸ ದೇವರ ಗುಡಿಯ ಮುಂದೆ, ಶನಿವಾರ.

ಹೋದೆ. ದೇವರಿಗೆ ಹೊರಗಿನಿಂದಲೇ ಕೈಮುಗಿದು ಚಪ್ಪಲಿಗಳ ರಾಶಿ ನೋಡುತ್ತ ಹೊರಟೆ. ಸ್ಕೂಲು ಹುಡುಗರು ಕಳವಾಗದಿರಲಿ ಎಂದು ಹವಾಯಿ ಚಪ್ಪಲಿಯ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು, ತರಗತಿ ಬರೆಯುತ್ತಾರಲ್ಲ, ಅದರಿಂದ ನನ್ನ ಕೆಲಸ ಸುಲಭವಾಯಿತು. ಒಂದು ಜೊತೆ ನೋಡಿ ನಿಂತುಬಿಟ್ಟೆ. ನಮ್ಮಜ್ಜಿಯ ರೊಟ್ಟಿ ಹಂಚಿನಷ್ಟು ಅಗಲ. ಮೇಲೆ ‘ಎಂಟನೇ ಬಿ’ ಎಂದು ಬರೆದಿತ್ತು. ಬರುವ ವರ್ಷ ಒಂಬತ್ತು! ಎಷ್ಟು ದೊಡ್ಡದು ನೋಡೋಣ ಎಂದು ನನ್ನ ಕಾಲನ್ನು ಅದರೊಳಗೆ ತೂರಿಸಿದೆ. ಹಿಮ್ಮಡಿಯ ಹಿಂದೆ ಇನ್ನೂ ಜಾಗ ಇತ್ತು. ಸಂತೋಷಕ್ಕೆ ಇನ್ನೊಂದು ಕಾಲನ್ನೂ ತೂರಿಸಿ ನಾಲ್ಕು ಹೆಜ್ಜೆ ನಡೆದೆ.

“ಏನ್ ಸ್ವಾಮಿ, ಸರಿಹೋಯ್ತಾ?”

ಹಿಂದೆ ನೋಡಿದರೆ ಕೈಯಲ್ಲಿ ಪ್ರಸಾದ ಹಿಡಿದ ಒಬ್ಬ ಅಜ್ಜ. ಅವರ ಪಕ್ಕದಲ್ಲಿ ಬರಿಗಾಲಿನ ಹುಡುಗ. ಎಂಥ ಕಾಲು ಅಂತೀರಿ! ನಾನು ಸಿಕ್ಕಿಬಿದ್ದದ್ದನ್ನೂ ಮರೆತು ಆ ಕಾಲನ್ನೇ ನೋಡುತ್ತ ನಿಂತೆ.

“ಸುಮ್ನೆ ಅಳತೆ ನೋಡ್ತಿದ್ದೆ ಅಜ್ಜ.”

“ಅಳತೆ ನೋಡೋರು ಗೇಟಿನ ತಂಕ ಯಾಕ್ ಹೋದ್ರಿ?”

ಜನ ಸೇರಿದರು. ನಾನು ಡ್ರಿಲ್ ಮೇಷ್ಟ್ರು ಎಂದೆ. ಮೇಷ್ಟ್ರಾಗಿ ಹುಡುಗರ ಚಪ್ಪಲಿ ಕದಿಯಲು ನಾಚಿಕೆಯಾಗಲ್ವಾ ಎಂದು ಒಬ್ಬಾಕೆ ಕೇಳಿದರು. ಅಷ್ಟು ಹೊತ್ತಿಗೆ ಹೆಂಡತಿ ಮಕ್ಕಳ ಜೊತೆ ದೇವರಿಗೆ ಬಂದಿದ್ದ ತುರುವೇಕೆರೆಯ ನನ್ನ ಗೆಳೆಯನೇ ಜನರನ್ನು ಸರಿಸಿಕೊಂಡು ಒಳಗೆ ಬಂದ. ನನ್ನ ಕಾಲು ನೋಡಿದ, ಚಪ್ಪಲಿ ನೋಡಿದ, ತನ್ನ ಸ್ಕೂಲಿನ ಆ ಹುಡುಗನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು.

“ಬುಟ್ಬುಡಿ ಪಾಪ, ನಮ್ಮೋನೇ,” ಎಂದು ಜನರಿಗೆ ಕೈಮುಗಿದ. “ತಿಪಟೂರಲ್ಲಿ ಚಪ್ಪಲಿ ಸಿಗಲ್ಲ.”

ಮೇಲಿಂದ ಬೀಳುವುದು

ಜೂನ್‌ನಲ್ಲಿ ಆ ಹುಡುಗನನ್ನೇ ಆರಿಸಿದೆ. ಭಾನುವಾರ ಬೆಳಿಗ್ಗೆ ಬಸ್ಸಿನಿಂದ ಇಳಿದು ಬಂದ. ಓಟ ಚೆನ್ನಾಗಿತ್ತು, ಕೈ ಚೆನ್ನಾಗಿತ್ತು. ಕ್ಯಾಷಿಯರ್ ಬುಟ್ಟಿಯ ಕಡೆ ಚೆಂಡು ಎಸೆದ. ಅದು ಕಬ್ಬಿಣದ ಬಳೆಗೆ ತಾಗಿ ಮೇಲೆ ಹಾರಿತು. ಅದನ್ನು ಹಾರಿ ಹಿಡಿಯಬೇಕಾಗಿದ್ದ ನಮ್ಮ ಹುಡುಗ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಗೆರೆಯಾಚೆ ಓಡಿಹೋದ.

ಮತ್ತೆ ಎಸೆದರೆ ಮತ್ತೆ ಓಡಿದ. ಕೇಳಿದರೆ, “ಮೇಲಿಂದ ಏನಾರ ಬಿದ್ರೆ ನೋಡಬಾರ್ದು ಸಾರ್, ಮೊದ್ಲು ಓಡಬೇಕು ಅಂತ ನಮ್ಮಪ್ಪ ಹೇಳವ್ರೆ” ಅಂದ.

ತೆಂಗಿನ ತೋಟದಲ್ಲಿ ಬೆಳೆದ ಮಗು ನಡೆಯುವುದಕ್ಕಿಂತ ಮೊದಲು ಕಲಿಯುವ ಪಾಠ ಅದು. ಆಗ ನನಗೆ ಕುತೂಹಲ ಹುಟ್ಟಿ ಉಳಿದವರನ್ನೂ ಗಮನಿಸಿದೆ. ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲೇ ಇಲ್ಲ! ಚೆಂಡು ಬಳೆಗೆ ತಾಗಿ ‘ಠಣ್’ ಅಂದರೆ ಕ್ಯಾಷಿಯರ್ ಒಬ್ಬನನ್ನು ಬಿಟ್ಟು ಎಲ್ಲರೂ ಅರ್ಧ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ನಾನೂ ಸರಿಯುತ್ತಿದ್ದೆ. ಕ್ಯಾಷಿಯರ್ ತೆಂಗಿನ ತೋಟ ಕಾಣದ ಬಳ್ಳಾರಿಯ ಕಡೆಯವನು. ದೋಟಿ ಮಾತ್ರ ಮನೆಯಲ್ಲಿ ಕಾಯಿ ಕೀಳುವವನಾದ್ದರಿಂದ ಮೇಲೆ ನೋಡಿಕೊಂಡೇ ಇರುತ್ತಿದ್ದ. ಅಂಥವನನ್ನು ನಾನು ಕೊಟ್ಟು ಕೂತಿದ್ದೆ.

ಆರು ತಿಂಗಳು ಬೇರೇನೂ ಹೇಳಿಕೊಡಲಿಲ್ಲ. ಮೇಲೆ ನೋಡು, ಕೈ ಎತ್ತು, ಅದರ ಕೆಳಕ್ಕೇ ಹೋಗು, ಇಷ್ಟೇ. ಕೊನೆಗೂ ಹುಡುಗ ಪಳಗಿದ. ಚೆಂಡು ಮೇಲೆ ಹಾರಿದರೆ ಮೊದಲು ಅವನ ಕೈಯೇ ಕಾಣುತ್ತಿತ್ತು. ನಾನು ಹಿಗ್ಗಿಹೋದೆ.

ಮುಂದಿನ ಭಾನುವಾರ ಅವನ ಜೊತೆ ಅವರಪ್ಪನೂ ಬಂದರು. ಬಂದವರೇ ಕೋಪದಿಂದ ಶುರುಮಾಡಿದರು. “ಮೇಷ್ಟ್ರೇ, ಏನ್ ಹೇಳ್ಕೊಟ್ಟಿದೀರ್ರಿ ನನ್ ಮಗನಿಗೆ? ನಿನ್ನೆ ತೋಟದಾಗೆ ಕಾಯಿ ಕೆಡವಿಸ್ತಿದ್ದೆ. ಇವನು ಕೈ ಎತ್ಕಂಡು ಪ್ರತಿ ಮರದ ಬುಡಕ್ಕೂ ಓಡ್ತಾವ್ನೆ!”

ಯಜಮಾನರು ಆರಿಸಿದ್ದು

ಎರಡನೇ ವರ್ಷ ಯಜಮಾನರು, “ಈ ಸಲ ನೀವು ಬ್ಯಾಡಿ, ಚಪ್ಪಲಿ ನೋಡಕ್ಕೆ ಹೋಯ್ತೀರಿ. ಮಾಲು ನಾನ್ ನೋಡ್ತೀನಿ” ಅಂದರು.

ತುರುವೇಕೆರೆಯ ಸ್ಕೂಲಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದರು. ಯಜಮಾನರು ಚೆಂಡು ಮುಟ್ಟಿಸಲಿಲ್ಲ, ಓಡಿಸಲಿಲ್ಲ. ಒಬ್ಬೊಬ್ಬರ ಹೆಗಲು ಹಿಡಿದು ಮೆಲ್ಲಗೆ ಅಲ್ಲಾಡಿಸಿ, “ಏನಪ್ಪ, ಚೆನ್ನಾಗಿದೀಯಾ?” ಎಂದು ಕೇಳಿ ಕಿವಿ ಕೊಟ್ಟರು. ಅಟ್ಟದಲ್ಲಿಟ್ಟ ಕಾಯಿಯನ್ನು ಹಾಗೇ ನೋಡುವುದು. ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಅಲ್ಲಾಡಿಸಿದಾಗ ಗಲಗಲ ಸದ್ದಾಗುತ್ತದೆ, ಇಲ್ಲದಿದ್ದರೆ ಇಲ್ಲ. ಎತ್ತರದ ಹುಡುಗರು ನಾಚಿಕೊಂಡು “ಹೂಂ” ಎಂದರು. “ಇನ್ನೂ ನೀರೈತೆ” ಎಂದು ಯಜಮಾನರು ಮುಂದೆ ಹೋದರು. ಸಾಲಿನ ಕೊನೆಯಲ್ಲಿ ಎಲ್ಲರಿಗಿಂತ ಗಿಡ್ಡ ಹುಡುಗನೊಬ್ಬನ ಹೆಗಲು ಹಿಡಿದರು. ಅವನು ಚೆನ್ನಾಗಿರುವುದು, ಅವನಮ್ಮ ಚೆನ್ನಾಗಿರುವುದು, ಎಮ್ಮೆ ಕರು ಹಾಕಿದ್ದು, ಸ್ಕೂಲಿನ ಕೊಳಾಯಿ ಕೆಟ್ಟಿದ್ದು ಎಲ್ಲ ಹೇಳಿ ಉಸಿರು ತೆಗೆದುಕೊಳ್ಳಲು ನಿಂತ.

“ಗಲಗಲ ಅಂತೈತೆ. ಇವನೇ!” ಎಂದರು ಯಜಮಾನರು. ತುರುವೇಕೆರೆಯ ಗೆಳೆಯ ನಗು ತಡೆಯಲು ಸೀಟಿ ಬಾಯಿಗಿಟ್ಟುಕೊಂಡ.

ವಾಪಸು ಬರುವಾಗ ಹುಡುಗನೂ ನಮ್ಮ ಜೊತೆ ಬಸ್ಸಿನಲ್ಲಿ ಬಂದ. ಕಿಬ್ಬನಹಳ್ಳಿ ದಾಟುವಷ್ಟರಲ್ಲಿ ಕೇಳಿದ: “ಯಜಮಾನ್ರೇ, ಸದ್ದು ಚೆನ್ನಾಗಿ ಬಂದು, ಒಡೆದ್ರೆ ಒಳಗೆ ಕೆಟ್ಟಿರೋ ಕೊಬ್ಬರಿ ಇರಲ್ವಾ?”

ಯಜಮಾನರು ತಿಪಟೂರು ಬರುವ ತನಕ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಕೊಸರು

ಹಿಂದಿನ ದಸರಾದಲ್ಲಿ ಎಂದಿನಂತೆ ಸೋತಿದ್ದೆವು. ಈಗ ಎರಡನೇ ವರ್ಷದ ದಸರಾ ಪಂದ್ಯ ಬಂತು. ನಮಗೆ ಕೊಟ್ಟ ವಾಯಿದೆಯ ಕೊನೆಯ ಪಂದ್ಯ. ಸೋತರೆ ಕೊಬ್ಬರಿ. ಹಿಂದಿನ ಸಂಜೆ ಇಬ್ಬರು ಕೂಲಿಯವರು ಬಂದು ಕಂಬ ಕೀಳಲು ಎಷ್ಟು ಅಗೆಯಬೇಕು ಎಂದು ನೋಡಿಕೊಂಡು ಹೋಗಿದ್ದರು.

ತುರುವೇಕೆರೆಯವರು ಟೆಂಪೋದಲ್ಲಿ ಬಂದಿಳಿದರು. ಗೆಲುವಿನ ಬಗ್ಗೆ ನನ್ನ ಗೆಳೆಯನಿಗೆ ಎಷ್ಟು ಧೈರ್ಯ ಅಂದರೆ ಆಟಗಾರರು ಐದೇ ಜನ, ಉಳಿದ ಜಾಗಕ್ಕೆಲ್ಲ ತಮಟೆಯವರನ್ನು ತುಂಬಿಕೊಂಡು ಬಂದಿದ್ದ. ಮುಂದೆ ದೋಟಿ. ನಮ್ಮನ್ನು ನೋಡಿ ಪಾಪ, ತಲೆ ತಗ್ಗಿಸಿದ. ಅವನ ಅವ್ವ ಯಾವ ಕಡೆ ಕೂರುವುದೆಂದು ತಿಳಿಯದೆ ಹುರುಳಿ ಅಜ್ಜಿಯ ಪಕ್ಕ ಗೆರೆಯ ಮೇಲೆ ಕೂತರು. ಚಿಕ್ಕನಾಯಕನಹಳ್ಳಿಯ ಡ್ರಿಲ್ ಮೇಷ್ಟ್ರು ರೆಫ್ರಿ.

ಸೀಟಿ ಊದಬೇಕು, ಅಷ್ಟರಲ್ಲಿ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಕೋರ್ಟಿನ ಮಧ್ಯಕ್ಕೆ ನಡೆದರು.

“ಒಸಿ ನಿಲ್ಲಿ. ನಮ್ದೊಂದು ಬಾಕಿ ಐತೆ.”

“ಏನ್ ಯಜಮಾನ್ರೇ?” ಎಂದ ನನ್ನ ಗೆಳೆಯ.

“ಕೊಸರು.”

ಅವನು ಜೋರಾಗಿ ನಕ್ಕ. “ಅದಾ! ಆಟ ಮುಗೀಲಿ, ಕೊಡ್ತೀನಿ.”

“ಯಾವಾಗ ಬೇಕೋ ಆವಾಗ ಅಂದಿದ್ರಿ. ಈವಾಗ ಬೇಕು. ಯಾರನ್ನ ಬೇಕೋ ಅವರನ್ನ ಅಂದಿದ್ರಿ.” ಯಜಮಾನರು ತಲೆ ಎತ್ತಿ ಮೇಲೆ ನೋಡಿದರು. “ಇವನು ಬೇಕು.” ಅವರ ಕೈ ದೋಟಿಯ ಮೇಲಿತ್ತು.

ತಮಟೆ ನಿಂತಿತು. ಎರಡು ವರ್ಷ ಈ ಯೋಚನೆಯನ್ನು ಅವರು ಹೊಟ್ಟೆಯಲ್ಲಿಟ್ಟುಕೊಂಡಿದ್ದರೋ, ಆ ಗಳಿಗೆಯಲ್ಲಿ ಹೊಳೆಯಿತೋ, ಕೇಳಬೇಕೆಂದು ನನಗೆ ಈಗಲೂ ಆಸೆ. ನನ್ನ ಗೆಳೆಯ ರೆಫ್ರಿಯ ಕಡೆ ನೋಡಿದ. ರೆಫ್ರಿ ಪುಸ್ತಕ ತಿರುವಿದರು. ಕೊಸರಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. “ಟವೆಲ್ ಕೆಳಗೆ ಒಪ್ಪಿದ್ರಾ?” ಎಂದು ಕೇಳಿದರು. “ಒಪ್ಪಿದ್ದೆ” ಎಂದ ಅವನು, ಸಣ್ಣ ದನಿಯಲ್ಲಿ. “ಹಂಗಾದ್ರೆ ಮುಗೀತಲ್ಲ ಕಣ್ರೀ” ಎಂದರು ರೆಫ್ರಿ.

ದೋಟಿ ನಮ್ಮ ಬನಿಯನ್ ಹಾಕಿಕೊಂಡು ನಗುತ್ತ ಬಂದ. ನನ್ನ ಕಣ್ಣಲ್ಲಿ ನೀರು ಬಂತು.

ಆಗ ಗೆರೆಯ ಕಡೆಯಿಂದ ಒಂದು ದನಿ ಎದ್ದಿತು. “ಏನಂದ್ರಿ? ಕೊಸರಾ?” ದೋಟಿಯ ಅವ್ವ ಎದ್ದು ನಿಂತಿದ್ದರು. “ಇಬ್ಬರು ಆಳಿಗೆ ಹೋಗಿದ್ದ ನನ್ ಮಗ ಸೊಪ್ಪಿನ ಮೇಲಿನ ಹಿಡಿ ಆಗಿ ಬಂದ್ನಾ? ನಾನು ಹೆಣ್ಣಿನ ಕಡೆಯೋರಿಗೆ ಏನಂತ ಹೇಳ್ಲಿ?” ಹುರುಳಿ ಅಜ್ಜಿ ಅವರ ಸೆರಗು ಎಳೆದು ಕೂರಿಸಿದರು.

ತುರುವೇಕೆರೆಗೆ ಉಳಿದವರು ನಾಲ್ವರು. ಇನ್ನೇನು ಗೆದ್ದೆವು ಅಂದುಕೊಂಡೆ. ನನ್ನ ಗೆಳೆಯ ಅಂಗಿ ಬಿಚ್ಚಿ ತಮಟೆಯವನ ಕೈಗೆ ಕೊಟ್ಟ, ಸೊಂಟಕ್ಕೆ ಟವೆಲ್ ಬಿಗಿದ. “ಐದನೆಯೋನು ನಾನು” ಎಂದ. ಹೊಟ್ಟೆ ನೋಡಿ ನಮ್ಮೂರಿನವರೆಲ್ಲ ಸಿಳ್ಳೆ ಹೊಡೆದರು. ನಾನೂ ಹೊಡೆದೆ.

ಆಟ ಶುರುವಾಯಿತು. ದೋಟಿ ಹಾರಿ ಚೆಂಡು ಹಿಡಿದ. “ದೋಟೀ, ಇಲ್ಲಿ ಕೊಡ್ಲಾ!” ಎಂದು ನನ್ನ ಗೆಳೆಯ ಗುಡುಗಿದ. ಎರಡು ವರ್ಷ ಭಾನುವಾರ ಭಾನುವಾರ ಕೇಳಿದ ದನಿ. ದೋಟಿ ಥಟ್ಟನೆ ತಿರುಗಿ, ಅಚ್ಚುಕಟ್ಟಾಗಿ ಅವನ ಕೈಗೇ ಕೊಟ್ಟುಬಿಟ್ಟ.

ಅವನು ಚೆಂಡು ಬಡಿಯುತ್ತ ಬುಟ್ಟಿಯ ಕಡೆ ತೇಕುತ್ತ ಬಂದ. ಅಡ್ಡ ನಿಲ್ಲಬೇಕಾದವರು ನಾವು ಆರಿಸಿ ತಂದ ಇಬ್ಬರು. ಭಾನುವಾರ ಅವರು ನಮ್ಮ ಹುಡುಗರು, ಸೋಮವಾರದಿಂದ ಶನಿವಾರದವರೆಗೆ ಅವನ ಸ್ಕೂಲಿನವರು! ದೊಡ್ಡ ಕಾಲಿನವನು ಮೇಷ್ಟ್ರನ್ನು ಕಂಡು ನೆಟ್ಟಗೆ ನಿಂತು “ನಮಸ್ತೆ ಸಾರ್” ಎಂದು ದಾರಿ ಬಿಟ್ಟ. ಗಲಗಲ ಹುಡುಗ ಎದೆಯ ಮೇಲೆ ಕೈಕಟ್ಟಿ ತಲೆ ಬಗ್ಗಿಸಿದ. ಅವನ ಬಾಯಿಂದ ಒಂದು ಮಾತು ಹೊರಡದೇ ಇದ್ದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಆಟ ಪೂರ್ತಿ ಹೀಗೇ. ದೋಟಿ ಹಿಡಿಯುವುದು, ಅವನು ಕೂಗುವುದು, ದೋಟಿ ಕೊಡುವುದು, ನಾಲಗೆ ಕಚ್ಚಿಕೊಳ್ಳುವುದು, ಹುಡುಗರು ನಮಸ್ತೆ ಮಾಡುವುದು. ಕ್ಯಾಷಿಯರ್ ಒಬ್ಬನೇ ಓಡಿ ಓಡಿ ಸೋತ. ಹುರುಳಿ ಅಜ್ಜಿ ಪಕ್ಷಪಾತ ಮಾಡಿ ನನ್ನ ಗೆಳೆಯ ಗೆರೆಯ ಹತ್ತಿರ ಬಂದಾಗಲೆಲ್ಲ “ಔಟು! ಔಟು!” ಎಂದು ಕೋಲೆತ್ತಿದರೂ ನಡೆಯಲಿಲ್ಲ. ನಾವು ಸೋತೆವು. ತಮಟೆಯವರು ಅವನನ್ನು ಎತ್ತಲು ನೋಡಿ, ಆಗದೆ, ಸುತ್ತ ಕುಣಿದರು.

ಬೆಳಿಗ್ಗೆ ಎದ್ದು ಕೋರ್ಟಿಗೆ ಹೋದೆ. ಕಂಬ ಕೀಳುವುದನ್ನು ನೋಡಲು ಧೈರ್ಯವಿರಲಿಲ್ಲ, ನೋಡದೇ ಇರಲೂ ಆಗಲಿಲ್ಲ. ದೋಟಿಯೂ ಬಂದು ಪಕ್ಕದಲ್ಲಿ ನಿಂತ. ಅವನ ಹಿಂದೆ ಅವನ ಅವ್ವ, ಇನ್ನೂ ಮುನಿಸಿನಲ್ಲಿ. ಗುದ್ದಲಿ ಹಿಡಿದ ಕೂಲಿಯವರು ಗೋಡೆಗೊರಗಿ ಬೀಡಿ ಸೇದುತ್ತಿದ್ದರು. ಯಜಮಾನರು ಕೋರ್ಟಿನ ಮಧ್ಯೆ ನಿಂತು ಬುಟ್ಟಿಯನ್ನೇ ನೋಡುತ್ತಿದ್ದರು.

“ಯಜಮಾನ್ರೇ,” ಎಂದೆ. “ಸೋತ್ವಲ್ಲ.”

“ಯಾರ್ ಸೋತ್ರು?” ಎಂದು ಅವರು ತಿರುಗಿದರು. ಮುಖ ಬೆಳಗುತ್ತಿತ್ತು. “ಮೇಷ್ಟ್ರೇ, ರಾತ್ರಿಯೆಲ್ಲ ಲೆಕ್ಕ ಹಾಕ್ದೆ. ನಾವು ಕೊಟ್ಟಿದ್ದು ಒಂದು ಆಳು. ಆ ಆಳು ನಮಗೇ ವಾಪಸ್ ಬಂತು. ಮ್ಯಾಲೆ ಎರಡು ಹುಡುಗ್ರು ನಮ್ಮತ್ರ ಉಳಿದ್ವು. ನಮ್ಮಪ್ಪನ ಕಾಲದಿಂದ ಮಂಡಿ ನಡಸ್ತಿದೀವಿ, ಕೊಟ್ಟ ಮಾಲು ತಾನಾಗಿ ಮನೆಗೆ ಬಂದು, ಕೊಂಡ ಮಾಲೂ ಮನೇಲೇ ಉಳಿದಿದ್ದು ಒಂದ್ಸಲನಾದ್ರೂ ಐತಾ? ಇಂಥಾ ವ್ಯಾಪಾರ ಇರೋ ಆಟಾನ ನಿಲ್ಲಿಸ್ತಾರೇನ್ರಿ?” ಕೂಲಿಯವರ ಕಡೆ ಕೈ ಬೀಸಿದರು. “ಹೋಗ್ರಯ್ಯ, ತಿಂಡಿ ತಿನ್ಕಂಡು ಮನೆಗೆ ಹೋಗಿ.”

ನಾನು ಅಲ್ಲೇ ಸಿಮೆಂಟಿನ ಮೇಲೆ ಕೂತುಬಿಟ್ಟೆ. ಎದುರುಮನೆಯ ಅಜ್ಜಿ ಮೊರದಲ್ಲಿ ಹುರುಳಿ ತರುತ್ತಿದ್ದವರು, ವಿಷಯ ಕೇಳಿ, ಅರ್ಧ ಕೋರ್ಟಿಗೆ ಹರವಲು ಶುರುಮಾಡಿದರು.

ಯಜಮಾನರು ಅವ್ವನ ಹತ್ತಿರ ಹೋಗಿ ಕೈಮುಗಿದರು. “ಬೇಜಾರ್ ಮಾಡ್ಕಬ್ಯಾಡಿ ಕಣವ್ವ. ಕೊಸರು ಅಂತ ತಂದಿದ್ದು ತಪ್ಪೇ. ಅದಕ್ಕೇ ಚಿಕ್ಕನಾಯಕನಹಳ್ಳಿ ಮೇಷ್ಟ್ರ ಕಿವಿಗೆ ನಿನ್ನೇನೆ ಒಂದ್ ಮಾತು ಹಾಕಿವ್ನಿ. ಅವರಿಗೂ ಉದ್ದದ ಆಳು ಬೇಕಂತೆ.” ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಒದರಿದರು. “ಈ ಸಲ ಮೂರಕ್ಕೆ ಕಮ್ಮಿ ಕೊಡಲ್ಲ.”

ಅವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಮುನಿಸು ಕರಗುತ್ತ ಬಂತು. “ಕೊಸರು?” ಎಂದು ಕೇಳಿದರು.

ದೋಟಿ ಟವೆಲ್ ನೋಡಿದ, ಅವ್ವನನ್ನು ನೋಡಿದ, ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡ.